ಸಣ್ಣದು ದೊಡ್ಡದರ ಕಿವಿ ಹಿಂಡಬೇಕು: ಕಂಪ್ಯೂಟರ್, ಮೊಬೈಲ್ ಬಳಸಿ ಕರೆಂಟ್ ಉಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆ, ಆಫೀಸು, ಕಾಲೇಜು ಲ್ಯಾಬ್, ಹೊಲಗಳಿಂದ ಬರುವ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಕೇಳುವ ಧಾಟಿಯಲ್ಲೇ ಬಿಟ್ಟಿದ್ದೇವೆ. ಉತ್ತರದಲ್ಲಿರುವ ಲೆಕ್ಕಕ್ಕೆ ನಿಮ್ಮ ಮನೆಯ ಅಂಕಿ ಹಾಕಿ ನೀವೇ ತಾಳೆ ನೋಡಿ.

ಕಂಪ್ಯೂಟರೇ ಕರೆಂಟ್ ತಿನ್ನೂ ಸಾಮಾನು. ಅದರಿಂದ ಕರೆಂಟ್ ಉಳಿಸೂದು ಹ್ಯಾಂಗ್ರೀ?

ತಿನ್ನುತ್ತದೆ ನಿಜ. ಎಷ್ಟು ತಿನ್ನುತ್ತದೆ ಅನ್ನುವುದನ್ನು ಮೊದಲು ನೋಡೋಣ. ಲ್ಯಾಪ್‌ಟಾಪ್ ಕೆಲಸ ಮಾಡುವಾಗ 20ರಿಂದ 40 ವ್ಯಾಟ್ ಎಳೆಯುತ್ತದೆ. ಮಾನಿಟರ್ ಸಮೇತ ಆಫೀಸಿನ ಡೆಸ್ಕ್‌ಟಾಪ್ 60ರಿಂದ 100. ಒಂದೂವರೆ ಟನ್ನಿನ ಏಸಿ 1,500ರ ಆಸುಪಾಸು, ಗೀಸರ್ 2,000. ಹೊಲದ 5 ಎಚ್‌ಪಿ ಮೋಟರ್ 4,500ರಿಂದ 5,000. ಆ ಮೋಟರ್ ಒಂದು ದಿನ ಏಳು ತಾಸು ಓಡಿದರೆ 33 ಯೂನಿಟ್ ಹೋಯಿತು (ಸಾವಿರ ವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್). ಅದೇ 33 ಯೂನಿಟ್‌ನಲ್ಲಿ 30 ವ್ಯಾಟಿನ ಲ್ಯಾಪ್‌ಟಾಪನ್ನು ದಿನಕ್ಕೆ ಎಂಟು ತಾಸಿನಂತೆ ನಾಲ್ಕೂವರೆ ತಿಂಗಳು ನಡೆಸಬಹುದು.

ಹಾಗಾಗಿ ಕಂಪ್ಯೂಟರ್ ಬಂದ್ ಮಾಡಿ ಉಳಿಸುವುದು ಒಂದು ಲೆಕ್ಕ. ಅದಕ್ಕಿಂತ ದೊಡ್ಡ ಲೆಕ್ಕ ಎಂದರೆ ನಾಲ್ಕೈದು ವ್ಯಾಟಿನ ಒಂದು ಸಣ್ಣ ಬೋರ್ಡಿನಿಂದ ಐದು ಸಾವಿರ ವ್ಯಾಟಿನ ಮೋಟರಿನ ಕಿವಿ ಹಿಂಡುವುದು. ಈ ಪುಟದ ಒಟ್ಟು ಮಾತೂ ಅದೇ.

ಜಗತ್ತಿನ ಮಟ್ಟದಲ್ಲಿ ಚಿತ್ರ ಸ್ವಲ್ಪ ಬೇರೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರ್‌ಗಳೇ ಸುಮಾರು 415 ಟೆರಾವ್ಯಾಟ್-ಅವರ್ ಕರೆಂಟ್ ಬಳಸಿವೆ (ಒಂದು ಟೆರಾವ್ಯಾಟ್-ಅವರ್ ಎಂದರೆ ನೂರು ಕೋಟಿ ಯೂನಿಟ್). ಅಂದರೆ ಜಗತ್ತಿನ ಒಟ್ಟು ಬಳಕೆಯಲ್ಲಿ ಶೇ 1.5ರಷ್ಟು, ಮತ್ತು ಅದು ಏರುತ್ತಲೇ ಇದೆ. ಅದನ್ನು ಇಳಿಸುವುದು ಡೇಟಾ ಸೆಂಟರ್ ನಡೆಸುವವರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದು ನಿಮ್ಮ ಮೀಟರ್.

ಗದಗಿನ ಗುಡ್ಡದ ಮ್ಯಾಲೆ ಇಷ್ಟ ಗಾಳಿಯಂತ್ರ ತಿರಗತಾವು. ನಮ್ಮ ಕರೆಂಟ್ ಸ್ವಚ್ಛನ ಐತಲ್ಲ?

ಕಪ್ಪತಗುಡ್ಡದ ಸಾಲಿನಲ್ಲಿ ಹುಟ್ಟಿದ ಕರೆಂಟಿಗೆ ಗದಗ ಬಿಟ್ಟು ಹೋಗಬಾರದು ಎಂಬ ಕಟ್ಟಳೆ ಇಲ್ಲ. 2013ರ ಕೊನೆಯಿಂದ ಇಡೀ ದೇಶದ್ದು ಒಂದೇ ಜಾಲ. ಗಾಳಿ, ಪಾವಗಡದ ಬಿಸಿಲು, ಶರಾವತಿ-ಕಾಳಿಯ ನೀರು, ಕೈಗಾದ ಅಣು, ರಾಯಚೂರು-ಬಳ್ಳಾರಿಯ ಕಲ್ಲಿದ್ದಲು ಎಲ್ಲ ಒಂದೇ ಕೆರೆಗೆ ಬೀಳುತ್ತವೆ. ನೀವು ಒಂದು ಯೂನಿಟ್ ಹೆಚ್ಚು ಬಳಸಿದಾಗ ಗಾಳಿ ಹೆಚ್ಚು ಬೀಸುವುದಿಲ್ಲ. ಎಲ್ಲೋ ಒಂದು ಕಡೆ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ಗಾಳಿಯ ಜೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಫೆಬ್ರುವರಿ-ಮಾರ್ಚ್‌ನಲ್ಲಿ ಗದಗದ ರೆಕ್ಕೆಗಳು ನಿಂತಿರುವುದನ್ನು ದಾರಿಹೋಕರೂ ನೋಡಿರುತ್ತಾರೆ, ಆದರೆ ಬೇಸಿಗೆ ಬೇಡಿಕೆ ಏರುವುದೂ ಆಗಲೇ.

ಲೆಕ್ಕಕ್ಕೆ ಇಷ್ಟು ಸಾಕು: ದೇಶದ ಜಾಲದ ಸರಾಸರಿಯಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಮೇಲಿನ ಮೋಟರಿನ ಒಂದು ದಿನದ ಓಟ ಎಂದರೆ 23 ಕೆಜಿ. ಹೊತ್ತು ನೋಡಿ ಬಳಸಿದರೂ ಉಪಕಾರವಿದೆ. ನಡು ಹಗಲಿನಲ್ಲಿ ಜಾಲದಲ್ಲಿ ಸೌರ ವಿದ್ಯುತ್ ಹೇರಳ. ಸಂಜೆ ಏಳರ ನಂತರ ಅದು ಸೊನ್ನೆ. ಬಟ್ಟೆ ಒಗೆಯುವ ಯಂತ್ರ, ಹಿಟ್ಟಿನ ಗಿರಣಿ, ಟ್ಯಾಂಕ್ ತುಂಬುವ ಮೋಟರ್, ಬ್ಯಾಟರಿ ಸ್ಕೂಟರಿನ ಚಾರ್ಜಿಂಗ್ ಇವನ್ನು ಹನ್ನೊಂದರಿಂದ ಮೂರರ ನಡುವೆ ಇಟ್ಟುಕೊಳ್ಳಿ.

ಗೃಹಜ್ಯೋತಿ ಒಳಗ ಬಿಲ್ ಸೊನ್ನೆ ಬರ್ತದ. ಮತ್ಯಾಕ ಉಳಿಸಬೇಕು?

ಬಿಲ್ಲಿನ ಸೊನ್ನೆ ನಿಮ್ಮ ಹಳೆಯ ಸರಾಸರಿಗೆ ಕಟ್ಟಿದ ಸೊನ್ನೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನು, ಕೂಲರ್ ಸೇರಿ ಗೆರೆ ದಾಟುವ ಮನೆಗಳು ಬಹಳ. ಇಪ್ಪತ್ತನೇ ದಿನದ ಹೊತ್ತಿಗೆ ಮೀಟರಿನ ಫೋಟೊ ತೆಗೆದು ಹಿಂದಿನ ರೀಡಿಂಗ್ ಕಳೆದು ನೋಡಿದರೆ ಎಚ್ಚರಿಕೆ ಮೊದಲೇ ಸಿಗುತ್ತದೆ. ಇನ್ನು ಇಂಗಾಲದ ಲೆಕ್ಕ: ಬಿಲ್ ಸರ್ಕಾರ ಕಟ್ಟಿದರೂ ಹೊಗೆ ಅಷ್ಟೇ.

ಯಾವ ಸಾಮಾನು ಎಷ್ಟು ಎಳೆಯುತ್ತದೆ ಎಂದು ಖರ್ಚಿಲ್ಲದೆ ತಿಳಿಯುವುದು ಹೇಗೆ?

ಮೀಟರಿನ ಕೆಂಪು ದೀಪ ಮಿಟುಕುತ್ತಿರುತ್ತದಲ್ಲ, ಅದೇ ನಿಮ್ಮ ಯಂತ್ರ. ಮೀಟರಿನ ಮುಖದ ಮೇಲೆ 3200 ಅಥವಾ 1600 ಎಂಬಂಥ ಒಂದು ಅಂಕಿ, ಅದರ ಮುಂದೆ ‘ಇಂಪ್ ಪರ್ ಕೆಡಬ್ಲ್ಯೂಎಚ್’ (imp/kWh) ಎಂದು ಇಂಗ್ಲಿಷಿನಲ್ಲಿ ಮುದ್ರಿಸಿರುತ್ತದೆ. ದೀಪ ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್.

ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ. ಒಂದು ಮಿಟುಕಿನಲ್ಲಿ ಶುರು ಮಾಡಿ, ಆ ಮೊದಲ ಮಿಟುಕನ್ನು ಸೊನ್ನೆ ಎಂದು ಎಣಿಸಿ, ಹತ್ತನೆಯದಕ್ಕೆ ನಿಲ್ಲಿಸಿ. 3200ರ ಮೀಟರಾದರೆ 1125ನ್ನು ಮಿಟುಕುಗಳಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. ಹತ್ತು ಮಿಟುಕಿಗೆ 30 ಸೆಕೆಂಡ್ ಹಿಡಿದರೆ 11,250 ಭಾಗಿಸು 30, ಅಂದರೆ 375 ವ್ಯಾಟ್. 1600ರ ಮೀಟರಾದರೆ 1125ರ ಬದಲು 2250. ಇದು ಆ ಗಳಿಗೆಯಲ್ಲಿ ಇಡೀ ಮನೆ ಎಳೆಯುತ್ತಿರುವ ಕರೆಂಟ್. ಈಗ ಒಂದು ಸಾಮಾನು ಬಂದ್ ಮಾಡಿ ಮತ್ತೆ ಎಣಿಸಿ. ವ್ಯತ್ಯಾಸ ಆ ಸಾಮಾನಿನದು. ಗೀಸರ್ ಹಚ್ಚಿದಾಗ ದೀಪ ಬೇಗ ಬೇಗ ಮಿಟುಕುತ್ತದೆ, ಎಣಿಕೆ ತಪ್ಪುತ್ತಿದ್ದರೆ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಹಿಡಿದು ಎಣಿಸಿ.

ರಾತ್ರಿ ಮಲಗುವ ಮುಂಚೆ ಫ್ಯಾನು, ದೀಪ ಎಲ್ಲ ಬಂದ್ ಮಾಡಿ, ಫ್ರಿಜ್ಜಿನ ಪ್ಲಗ್ ಐದು ನಿಮಿಷ ಕಿತ್ತು ಎಣಿಸಿದರೆ ‘ಯಾರೂ ಬಳಸದಿದ್ದರೂ ಹೋಗುವ ಕರೆಂಟ್’ ಗೊತ್ತಾಗುತ್ತದೆ. ಅದು 20 ವ್ಯಾಟ್ ಒಳಗಿದ್ದರೆ ಬಿಡಿ. 100 ದಾಟಿದ್ದರೆ ಹುಡುಕಿ: ವರ್ಷಕ್ಕೆ 876 ಯೂನಿಟ್ ಅಲ್ಲಿ ಸೋರುತ್ತಿದೆ. ಹೆಚ್ಚಾಗಿ ಸಿಗುವ ಕಳ್ಳರು: ಹಳೆಯ ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್, ಮತ್ತು ಮಳೆಗಾಲದಲ್ಲಿ ಯಾರೋ ಹಚ್ಚಿ ಮರೆತ, ಮಾಳಿಗೆ ಮೇಲಿನ ಸೋಲಾರ್ ವಾಟರ್ ಹೀಟರಿನ ಬ್ಯಾಕಪ್ ಕಾಯಿಲ್. ಮೂರನೆಯದು ನಮ್ಮ ಭಾಗದಲ್ಲಿ ಬಹಳ, ಅದರ ಸ್ವಿಚ್ ಎಲ್ಲಿದೆ ಎಂಬುದೇ ಮನೆಯವರಿಗೆ ಮರೆತಿರುತ್ತದೆ.

ಸ್ಮಾರ್ಟ್ ಪ್ಲಗ್ ಕೊಳ್ಳುವುದು ಲಾಭವೇ?

ಯೂನಿಟ್ ಅಳೆಯುವ ಮಾದರಿ ಒಂದನ್ನು ಕೊಂಡು ಮನೆಯೆಲ್ಲ, ಓಣಿಯೆಲ್ಲ ತಿರುಗಿಸುವುದು ಲಾಭ. ಪ್ರತಿ ಸಾಕೆಟ್ಟಿಗೂ ಒಂದೊಂದು ಹಾಕುವುದು ನಷ್ಟ. ಪ್ಲಗ್ ತಾನೇ ಒಂದು ವ್ಯಾಟಿನಷ್ಟು ತಿನ್ನುತ್ತದೆ. ಗೀಸರ್, ಏಸಿಗೆ 16 ಆಂಪಿಯರಿನದೇ ಬೇಕು. 10 ಆಂಪಿಯರಿನ ಪ್ಲಗ್ಗಿಗೆ ಗೀಸರ್ ಹಾಕಿದರೆ ಪಿನ್ ಸಡಿಲಿದ್ದಲ್ಲಿ ಕಾದು ಪ್ಲಾಸ್ಟಿಕ್ ಕರಗುತ್ತದೆ.

‘ವೈ-ಫೈ ಸೇರವಲ್ದು’ ಎಂಬುದು ಮೊದಲ ದೂರು. ಇಂಥ ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್ ಎರಡೂ ಬ್ಯಾಂಡನ್ನು ಒಂದೇ ಹೆಸರಿನಲ್ಲಿ ಬಿಟ್ಟಿದ್ದರೆ ಸೇರಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಬಂದ್ ಮಾಡಿ. ಎರಡನೆಯದು ಅಪಾಯದ ಮಾತು: ಕರೆಂಟ್ ಹೋಗಿ ಬಂದ ಮೇಲೆ ಪ್ಲಗ್ ಯಾವ ಸ್ಥಿತಿಗೆ ಬರಬೇಕು ಎಂಬ ಆಯ್ಕೆ ಆ್ಯಪಿನಲ್ಲಿ ಇರುತ್ತದೆ. ಗೀಸರಿಗೆ ಅದನ್ನು ‘ಆಫ್’ ಎಂದೇ ಇಡಿ. ಇಲ್ಲದಿದ್ದರೆ ನೀವು ಊರಿಗೆ ಹೋದ ಮೇಲೆ ಕರೆಂಟ್ ಬಂದು ಗೀಸರ್ ತಾನಾಗಿ ಹತ್ತುತ್ತದೆ.

ಫ್ರಿಜ್ಜನ್ನು ಅಳೆಯುವುದಾದರೆ ಪೂರ್ತಿ 24 ತಾಸು ಅಳೆಯಿರಿ, ಏಕೆಂದರೆ ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ. ದಿನಕ್ಕೆ ಒಂದು ಯೂನಿಟ್ ಒಳಗಿದ್ದರೆ ಸರಿ. ಎರಡು ಬಂದರೆ ಬಾಗಿಲ ರಬ್ಬರ್ ನೋಡಿ: ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದಾಗ ಸರಾಗ ಬಂದರೆ ರಬ್ಬರ್ ಹೋಗಿದೆ.

ಗೀಸರಿಗೆ ಟೈಮರ್ ಹಾಕಿದರೆ ನಿಜವಾಗಿ ಎಷ್ಟು ಉಳಿಯುತ್ತದೆ?

15 ಲೀಟರ್ ನೀರನ್ನು 35 ಡಿಗ್ರಿ ಏರಿಸಲು 0.6 ಯೂನಿಟ್ ಬೇಕೇ ಬೇಕು. 2,000 ವ್ಯಾಟಿನ ಗೀಸರಿಗೆ ಅದು 18-20 ನಿಮಿಷದ ಕೆಲಸ. ಟೈಮರ್ ಇದನ್ನು ಕಡಿಮೆ ಮಾಡಲಾರದು. ಅದು ಉಳಿಸುವುದು ಹಗಲೆಲ್ಲ ಹತ್ತಿದ್ದು ಆರಿ, ಆರಿದ್ದು ಹತ್ತುವ ವ್ಯರ್ಥವನ್ನು. ಹಳೆಯ ಗೀಸರಿನಲ್ಲಿ ಇದು ದಿನಕ್ಕೆ ಅರ್ಧದಿಂದ ಒಂದು ಯೂನಿಟ್. ಧಾರವಾಡದ ಚಳಿಗೆ ನೀರಿನ ಬಿಸಿ ಹೆಚ್ಚು ಬೇಕು ಎಂದು ಥರ್ಮೋಸ್ಟಾಟ್ ತುದಿಗೆ ತಿರುಗಿಸಬೇಡಿ. ಆಮೇಲೆ ಎರಡು ತಂಬಿಗೆ ತಣ್ಣೀರು ಸುರಿದುಕೊಳ್ಳುವುದು ಹೇಗೂ ತಪ್ಪುವುದಿಲ್ಲ.

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ 40 ಕಂಪ್ಯೂಟರ್ ಇವೆ. ಎಲ್ಲಿಂದ ಶುರು ಮಾಡಬೇಕು?

ರಾತ್ರಿಯಿಂದ. 70 ವ್ಯಾಟಿನಂತೆ 40 ಯಂತ್ರ ಎಂದರೆ 2.8 ಕಿಲೋವ್ಯಾಟ್. ಸಂಜೆ ಐದಕ್ಕೆ ಬಿಟ್ಟುಹೋದದ್ದು ಬೆಳಿಗ್ಗೆ ಒಂಬತ್ತರವರೆಗೆ ಹಾಗೇ ಉರಿದರೆ ಒಂದು ರಾತ್ರಿಗೆ 45 ಯೂನಿಟ್. ಎಲ್ಲವೂ ಸ್ಲೀಪ್‌ನಲ್ಲಿದ್ದರೆ ಯಂತ್ರಕ್ಕೆ 2 ವ್ಯಾಟಿನಂತೆ ಒಂದೂಕಾಲು ಯೂನಿಟ್. ವರ್ಷಕ್ಕೆ 220 ರಾತ್ರಿ ಹಿಡಿದರೂ ಒಂಬತ್ತೂವರೆ ಸಾವಿರ ಯೂನಿಟ್, ಆರೂವರೆ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಎಂದು ಹೋಗಿ ಪರದೆಗೆ 5 ನಿಮಿಷ, ಸ್ಲೀಪ್‌ಗೆ 20 ನಿಮಿಷ ಇಡಿ. ನಲವತ್ತು ಯಂತ್ರಕ್ಕೂ ಕೈಯಿಂದ ಮಾಡಿದರೆ ಮೂರನೇ ವಾರದಲ್ಲಿ ಯಾರೋ ಒಬ್ಬರು ಬದಲಿಸಿರುತ್ತಾರೆ. ಡೊಮೇನ್ ಸರ್ವರ್ (ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ಹಿಡಿತದಲ್ಲಿಡುವ ಯಂತ್ರ) ಇದ್ದರೆ ಗ್ರೂಪ್ ಪಾಲಿಸಿಯಿಂದ ಒಂದೇ ಸಲ ಹೇರಿ. ಇಲ್ಲದಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಂಜೆ 5.45ಕ್ಕೆ ಶಟ್‌ಡೌನ್ ಕೆಲಸ ಹಾಕಿ, ಐದು ನಿಮಿಷದ ಮುನ್ಸೂಚನೆ ಇರಲಿ. ‘ರಾತ್ರಿ ಅಪ್‌ಡೇಟ್ ಆಗಬೇಕು, ಅದಕ್ಕೆ ಹಚ್ಚಿಟ್ಟೇವಿ’ ಎಂಬ ನೆಪಕ್ಕೆ ಮದ್ದು ವೇಕ್-ಆನ್-ಲ್ಯಾನ್: ಬಯಾಸ್‌ನಲ್ಲಿ ಅದನ್ನು ಸಕ್ರಿಯಗೊಳಿಸಿದರೆ ವಾರಕ್ಕೊಂದು ರಾತ್ರಿ ಸರ್ವರೇ ಎಬ್ಬಿಸಿ, ಕೆಲಸ ಮುಗಿಸಿ ಮಲಗಿಸುತ್ತದೆ.

ಸಿಪಾಯಿ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ ಹೋಗುವ ಪದ್ಧತಿ ಇದ್ದರೆ ಇಂದೇ ನಿಲ್ಲಿಸಿ. ಓಡುತ್ತಿರುವ ಹಾರ್ಡ್ ಡಿಸ್ಕಿನ ಕರೆಂಟ್ ಕಡಿದರೆ ಫೈಲ್ ಸಿಸ್ಟಮ್ ಕೆಡುತ್ತದೆ. ಮೊದಲು ಶಟ್‌ಡೌನ್, ಹತ್ತು ನಿಮಿಷ ಬಿಟ್ಟು ಮೇನ್.

ಸ್ಲೀಪ್‌ಗೆ ಹಾಕಿದರೂ ಯಂತ್ರ ಎದ್ದು ಕೂಡ್ತದ, ಇಲ್ಲಾ ಮಲಗೂದೇ ಇಲ್ಲ. ಯಾಕ?

ಮಲಗದಿದ್ದರೆ ಯಾವುದೋ ಪ್ರೋಗ್ರಾಂ ‘ಮಲಗಬೇಡ’ ಎಂದು ಹಿಡಿದಿದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಕಮಾಂಡಿಗೆ ‘ರಿಕ್ವೆಸ್ಟ್ಸ್’ ಎಂಬ ಸ್ವಿಚ್ ಸೇರಿಸಿ (powercfg /requests) ಓಡಿಸಿದರೆ ಹಿಡಿದವರ ಹೆಸರು ಬರುತ್ತದೆ. ಸಾಮಾನ್ಯವಾಗಿ ಬ್ರೌಸರಿನಲ್ಲಿ ನಿಲ್ಲಿಸದೆ ಬಿಟ್ಟ ವಿಡಿಯೊ, ಹಂಚಿಕೊಂಡ ಫೋಲ್ಡರ್, ಆಡಿಯೊ ಡ್ರೈವರ್. ತಾನಾಗಿ ಏಳುತ್ತಿದ್ದರೆ ಅದೇ ಕಮಾಂಡಿಗೆ ‘ಲಾಸ್ಟ್‌ವೇಕ್’ ಸೇರಿಸಿ (powercfg /lastwake). ತಪ್ಪಿತಸ್ಥ ಬಹುಪಾಲು ಮೌಸ್: ಮೇಜು ಅಲುಗಿದರೂ ಎಬ್ಬಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ ಎಬ್ಬಿಸುವ ಅನುಮತಿ ತೆಗೆದುಬಿಡಿ, ಕೀಬೋರ್ಡಿಗೆ ಇರಲಿ.

ಕರೆಂಟ್ ಹೋಗಿ ಬರುವ ಊರಲ್ಲಿ ಡೆಸ್ಕ್‌ಟಾಪಿಗೆ ಬರೀ ಸ್ಲೀಪ್ ಸಾಲದು. ತೆರೆದ ಕೆಲಸ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದರೆ ಹೋಯಿತು. ಹೈಬರ್ನೇಟ್ ಆಯ್ದುಕೊಳ್ಳಿ, ಅದು ಡಿಸ್ಕಿಗೆ ಬರೆದು ಪೂರ್ತಿ ಆರುತ್ತದೆ.

ಯುಪಿಎಸ್, ಇನ್ವರ್ಟರ್ ಎಷ್ಟು ತಿನ್ನುತ್ತವೆ?

600 ವಿಎ ಸಣ್ಣ ಯುಪಿಎಸ್ ಏನೂ ಕೆಲಸವಿಲ್ಲದೆ 5ರಿಂದ 15 ವ್ಯಾಟ್ ಎಳೆಯುತ್ತದೆ. ರಾತ್ರಿ ಹಿಂದಿನ ಗುಂಡಿಯಿಂದ ಬಂದ್ ಮಾಡಿದರೆ ಉಳಿತಾಯ. ಮನೆಯ ಇನ್ವರ್ಟರಿನ ಕಥೆ ದೊಡ್ಡದು. ಲೈನಿನ ಎಸಿ ಕರೆಂಟನ್ನು ಡಿಸಿ ಮಾಡಿ, ಸೀಸದ ಬ್ಯಾಟರಿಗೆ ತುಂಬಿ, ಮತ್ತೆ ಎಸಿ ಮಾಡುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಅದನ್ನು ಇನ್ವರ್ಟರ್ ಲೈನಿನಿಂದ ತೆಗೆಯಿರಿ. ರೂಟರಿಗೆ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ, ಅದು ಮತ್ತೆ ಎಸಿ ಮಾಡುವ ನಷ್ಟವನ್ನೇ ತಪ್ಪಿಸುತ್ತದೆ. ಬ್ಯಾಟರಿಯ ಡಿಸ್ಟಿಲ್ಡ್ ನೀರು ಕೆಳಗಿಳಿದರೆ ಚಾರ್ಜರ್ ಗಂಟೆಗಟ್ಟಲೆ ಓಡಿದರೂ ಬ್ಯಾಟರಿ ತುಂಬುವುದಿಲ್ಲ. ಮೂರು ತಿಂಗಳಿಗೊಮ್ಮೆ ತೇಲು ಕಡ್ಡಿ ನೋಡಿ. ನಲ್ಲಿ ನೀರು ಹಾಕಬೇಡಿ.

ಮೊಬೈಲ್ ಚಾರ್ಜರ್ ಸಾಕೆಟ್ಟಿನಲ್ಲೇ ಬಿಟ್ಟರೆ?

ವರ್ಷಕ್ಕೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ಫೋನನ್ನು ದಿನಾ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ ಒಂಬತ್ತು-ಹತ್ತು ಯೂನಿಟ್. ಇದಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಒಂದು ಹಳೆಯ 75 ವ್ಯಾಟಿನ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿ. ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತದೆ. ರೂಟರ್ 8 ವ್ಯಾಟಿನಂತೆ ವರ್ಷಕ್ಕೆ 70 ಯೂನಿಟ್. ರಾತ್ರಿ ಬಂದ್ ಮಾಡಿದರೆ ಮೂರನೇ ಒಂದು ಪಾಲು ಉಳಿದೀತು.

ಡಾರ್ಕ್ ಮೋಡ್? ಸ್ಕ್ರೀನ್ ಸೇವರ್?

ಸ್ಕ್ರೀನ್ ಸೇವರ್ ಹೆಸರಿಗೆ ಮಾತ್ರ ಸೇವರ್, ಪರದೆಯ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಎಲ್‌ಸಿಡಿ ಪರದೆಯಲ್ಲಿ ಡಾರ್ಕ್ ಮೋಡ್‌ನಿಂದ ಏನೂ ಉಳಿಯದು. ಓಎಲ್‌ಇಡಿ ಫೋನಿನಲ್ಲಿ ಉಳಿಯುತ್ತದೆ, ಆದರೆ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ ಬೆಳಕು ಪೂರ್ತಿ ಇದ್ದರೆ ಶೇ 39ರಿಂದ 47, ಮನೆಯೊಳಗಿನ ಶೇ 30-50ರ ಬೆಳಕಿನಲ್ಲಿ ಬರೀ ಶೇ 3ರಿಂದ 9. ಬೆಳಕು ಇಳಿಸುವುದೇ ಮೇಲು.

ಹಳೆಯ ಇಮೇಲ್ ಅಳಿಸಿದರೆ, ವಿಡಿಯೊ ಕಡಿಮೆ ನೋಡಿದರೆ, ಎಐ ಬಳಸದಿದ್ದರೆ ಭೂಮಿ ಉಳಿಯುತ್ತದೆ ಅಂತಾರಲ್ಲ?

ಇಮೇಲ್ ಅಳಿಸಲು ಕೂತ ಒಂದು ತಾಸಿನಲ್ಲಿ ನಿಮ್ಮ ಕಂಪ್ಯೂಟರ್ ತಿನ್ನುವ ಕರೆಂಟ್ ಆ ಇಮೇಲ್‌ಗಳನ್ನು ಇಟ್ಟುಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚಾಗುವ ಸಂಭವವೇ ಜಾಸ್ತಿ. ಒಂದು ತಾಸು ವಿಡಿಯೊಗೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಹಾಕಿದ ಲೆಕ್ಕ 0.08 ಯೂನಿಟ್‌ನಷ್ಟು, ಅದರಲ್ಲೂ ಬಹುಪಾಲು ನೋಡುವ ಪರದೆಯದ್ದೇ. ಅದೇ ವಿಡಿಯೊ ದೊಡ್ಡ ಟಿವಿ ಬಿಟ್ಟು ಫೋನಿನಲ್ಲಿ ನೋಡಿದರೆ ಆ ಪಾಲು ಕುಸಿಯುತ್ತದೆ. ಎಐ ವಿಷಯಕ್ಕೆ ಬಂದರೆ, ಗೂಗಲ್ 2025ರ ಆಗಸ್ಟ್‌ನಲ್ಲಿ ತನ್ನ ಜೆಮಿನೈನ ಒಂದು ಸಾಧಾರಣ ಬರಹದ ಪ್ರಶ್ನೆಗೆ 0.24 ವ್ಯಾಟ್-ಅವರ್ ಎಂದು ಹೇಳಿಕೊಂಡಿದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದೂವರೆ ನಿಮಿಷ ಉರಿದಷ್ಟು. ಚಿತ್ರ, ವಿಡಿಯೊ ಸೃಷ್ಟಿಸುವುದು ಈ ಲೆಕ್ಕದಲ್ಲಿಲ್ಲ, ಅವು ಇದಕ್ಕಿಂತ ಬಹಳ ಭಾರ.

ಮೊಬೈಲ್ ಸ್ಟಾರ್ಟರ್ ಅಂದರ ಏನು? ಆಟೊ ಸ್ಟಾರ್ಟರ್ ಐತಲ್ಲ, ಸಾಲ್ದೇನು?

ನಮ್ಮ ಮೂರು ಜಿಲ್ಲೆಗಳಿಗೆ ಇದೇ ಮುಖ್ಯ ಪ್ರಶ್ನೆ, ಅದಕ್ಕೆ ಉತ್ತರವೂ ಉದ್ದ.

ಸಾದಾ ಸ್ಟಾರ್ಟರಿನಲ್ಲಿ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹೋದಾಗ ಅದು ಬಿಟ್ಟುಕೊಡುತ್ತದೆ. ಬಂದಾಗ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ಮೋಟರ್ ಹತ್ತುತ್ತದೆ. ತ್ರೀ ಫೇಸ್ ಎಷ್ಟೊತ್ತಿಗೆ ಬರುತ್ತದೋ ತಿಳಿಯದೆ ರೈತರು ಆಟೊ ಸ್ಟಾರ್ಟರ್ ಹಾಕಿದರು. ಅದರಿಂದ ಎರಡು ಕೇಡು. ಒಂದು, ಹೊಲಕ್ಕೆ ನೀರು ಬೇಕೋ ಬೇಡವೋ, ಕರೆಂಟ್ ಇರುವಷ್ಟು ಹೊತ್ತೂ ಮೋಟರ್ ಓಡುತ್ತದೆ. ಮಳೆ ಬಿದ್ದ ಮರುದಿನವೂ ಓಡುತ್ತದೆ. ಎರಡು, ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಹತ್ತು-ಹದಿನೈದು ಮೋಟರ್ ಒಂದೇ ಸೆಕೆಂಡಿಗೆ ಹತ್ತುತ್ತವೆ. ಹತ್ತುವಾಗ ಮೋಟರ್ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಕುಸಿದಷ್ಟೂ ಮೋಟರ್‌ಗಳು ಹೆಚ್ಚು ಆಂಪಿಯರ್ ಎಳೆಯುತ್ತವೆ, ಕೊನೆಗೆ ವೈಂಡಿಂಗ್ ಅಥವಾ ಟಿಸಿಯೇ ಸುಡುತ್ತದೆ. ಟಿಸಿ ಬರುವವರೆಗೆ ಮೆಣಸಿನ ಗಿಡ ಒಣಗುತ್ತದೆ. 10 ಎಚ್‌ಪಿವರೆಗೆ ಕರೆಂಟ್ ಪುಕ್ಕಟೆ ಇರಬಹುದು, ರೀವೈಂಡಿಂಗ್ ಪುಕ್ಕಟೆ ಅಲ್ಲ. ಬೋರಿನ ನೀರೂ ಅಲ್ಲ.

ಮೊಬೈಲ್ ಸ್ಟಾರ್ಟರ್ ಎಂದರೆ ಸಿಮ್ ಹಾಕಿದ ಒಂದು ಬೋರ್ಡು. ಒಳಗೆ ಮೂರೂ ಫೇಸಿನ ವೋಲ್ಟೇಜ್ ನೋಡುವ ತಂತಿಗಳು, ಆಂಪಿಯರ್ ಅಳೆಯಲು ಮೋಟರಿನ ತಂತಿಗೆ ತೊಡಿಸುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಬಳೆಗಳು, ಎರಡು ರಿಲೇ (ಬೋರ್ಡು ತಾನೇ ಒತ್ತುವ ಸ್ವಿಚ್), ಒಂದು ಸಣ್ಣ ಬ್ಯಾಟರಿ. ಒಂದು ರಿಲೇ ಹಸಿರು ಗುಂಡಿಗೆ ಸಮಾನಾಂತರ, ಇನ್ನೊಂದು ಕಾಯಿಲಿನ ದಾರಿಯಲ್ಲಿ ಸರಣಿಯಾಗಿ. ಹಳೆಯ ಸ್ಟಾರ್ಟರ್ ತೆಗೆಯುವುದಿಲ್ಲ, ಅದರ ಪಕ್ಕಕ್ಕೆ ಕೂರುತ್ತದೆ. ಕರೆ ಮಾಡಿ ಅಂಕಿ ಒತ್ತಿದರೆ ಹಚ್ಚಬಹುದು, ಆರಿಸಬಹುದು; ಕರೆಂಟ್ ಬಂದಾಗ, ಹೋದಾಗ ಸಂದೇಶ ಬರುತ್ತದೆ.

ಹಾಕಿಸಿದ ದಿನ ಈ ಸೆಟ್ಟಿಂಗ್ ಮಾಡಿಸದೆ ವೈರ್‌ಮನ್ನನ್ನು ಬಿಡಬೇಡಿ. ಮೊದಲು ಮೋಟರ್ ಹಚ್ಚಿ, ನೀರು ಸರಿಯಾಗಿ ಬರುವಾಗ ಆಂಪಿಯರ್ ಎಷ್ಟು ಎಂದು ಬರೆದುಕೊಳ್ಳಿ. 5 ಎಚ್‌ಪಿಗೆ 8ರ ಆಸುಪಾಸು ಇರುತ್ತದೆ. ಡ್ರೈ ರನ್ ಮಿತಿಯನ್ನು ಅದರ ಶೇ 65-70ಕ್ಕೆ ಇಡಿ. ಬೋರಿನಲ್ಲಿ ನೀರು ಮುಗಿದಾಗ ಪಂಪಿಗೆ ಎತ್ತುವ ಭಾರ ತಪ್ಪಿ ಆಂಪಿಯರ್ ಇಳಿಯುತ್ತದೆ, ಅದನ್ನು ನೋಡಿಯೇ ಬೋರ್ಡು ಆರಿಸುವುದು. ಮಿತಿ ತೀರಾ ಕೆಳಗಿಟ್ಟರೆ ಮೋಟರ್ ಒಣ ಓಡಿ ಬೇರಿಂಗ್ ಸುಡುತ್ತದೆ. ತೀರಾ ಮೇಲಿಟ್ಟರೆ ವೋಲ್ಟೇಜ್ ಸ್ವಲ್ಪ ಆಚೀಚೆಯಾದರೂ ನಿಂತುಬಿಡುತ್ತದೆ. ಒಂದು ಫೇಸ್ ಹೋದರೆ ಆರಿಸುವ ರಕ್ಷಣೆ ಸಕ್ರಿಯ ಇರಲಿ. ಹಚ್ಚುವ ಮುನ್ನ ಕಾಯುವ ಸಮಯವನ್ನು ಒಂದೇ ಟಿಸಿಯವರು ಮಾತಾಡಿಕೊಂಡು 30, 60, 90 ಸೆಕೆಂಡ್ ಎಂದು ಹಂಚಿಕೊಳ್ಳಿ. ಇಷ್ಟು ಮಾಡಿದರೇ ಟಿಸಿ ಸುಡುವುದು ಎಷ್ಟೋ ಕಡಿಮೆಯಾಗುತ್ತದೆ. ಕಡೆಯದಾಗಿ ಟೈಮರ್: ಎರಡು ತಾಸು ಸಾಕಾದರೆ ಎರಡು ತಾಸಿಗೆ ತಾನೇ ನಿಲ್ಲಲಿ. ಆಟೊ ಮೋಡಿಗೆ ಬದಲಿಸಿದರೆ ದುಡ್ಡು ಕೊಟ್ಟು ಹಳೆಯ ಆಟೊ ಸ್ಟಾರ್ಟರನ್ನೇ ಮತ್ತೆ ಕೊಂಡಂತೆ.

ಕೆಡುವುದು ಹೀಗೆ: ಸಿಮ್ಮಿನ ವ್ಯಾಲಿಡಿಟಿ ಮುಗಿದಿರುತ್ತದೆ (ಮೊದಲು ನೋಡಬೇಕಾದ್ದೇ ಇದು). ಆ್ಯಂಟೆನಾ ಕಬ್ಬಿಣದ ಪೆಟ್ಟಿಗೆಯೊಳಗೇ ಉಳಿದಿರುತ್ತದೆ. ಹೊರಗೆ ತಂದು ಎತ್ತರಕ್ಕೆ ಕಟ್ಟಿ. ಸಣ್ಣ ಬ್ಯಾಟರಿ ಒಂದೆರಡು ವರ್ಷಕ್ಕೆ ಸತ್ತು, ಕರೆಂಟ್ ಹೋದ ಸಂದೇಶ ನಿಲ್ಲುತ್ತದೆ. ಕಾಂಟ್ಯಾಕ್ಟರ್ ನಡುವೆ ಇರುವೆ, ಹಲ್ಲಿ ಸಿಕ್ಕಿ ಬೀಳುತ್ತವೆ. ತಂತಿ ಬರುವ ತೂತುಗಳನ್ನು ಮುಚ್ಚಿ. ಮತ್ತೆ, ನಿಮ್ಮ ನಂಬರ್ ಮಾತ್ರ ನೋಂದಾಯಿಸಿ, ಇಲ್ಲದಿದ್ದರೆ ತಪ್ಪಿ ಬಂದ ಕರೆಗೂ ಮೋಟರ್ ಹತ್ತೀತು. ಪೆಟ್ಟಿಗೆಗೆ ಕೈ ಹಾಕುವ ಮುನ್ನ ಫ್ಯೂಸ್ ಕಿತ್ತಿಡಿ: ದೂರದಿಂದ ಹತ್ತುವ ಮೋಟರಿಗೆ ನೀವು ಅಲ್ಲಿ ನಿಂತಿರುವುದು ಗೊತ್ತಿರುವುದಿಲ್ಲ.

ಎರಿ ಹೊಲದಾಗ ತೇವಾಂಶದ ಸೆನ್ಸರ್ ಕೆಲಸ ಮಾಡ್ತೈತೇನು?

ಮಾಡುತ್ತದೆ, ಹುಗಿಯುವ ರೀತಿ ಸರಿಯಿದ್ದರೆ. ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ. ಬಿರುಕು ಸೆನ್ಸರಿನ ಪಕ್ಕಕ್ಕೇ ಬಂದರೆ ನಡುವೆ ಗಾಳಿ ಸೇರಿ, ಕೆಳಗೆ ತೇವವಿದ್ದರೂ ‘ಪೂರ್ತಿ ಒಣಗಿದೆ’ ಎಂದು ತೋರಿಸುತ್ತದೆ. ಅದನ್ನು ನಂಬಿ ಮೋಟರ್ ಹಚ್ಚಿದರೆ ನೀರು ಬಿರುಕಿನಲ್ಲಿ ಇಳಿದು ಹೋಗುತ್ತದೆ. ಅದಕ್ಕೆ ತೂತು ತೆಗೆದು, ಅದೇ ಹೊಲದ ಮಣ್ಣನ್ನು ನೀರಲ್ಲಿ ಕಲಸಿ ರಾಡಿ ಮಾಡಿ ಸುರಿದು, ಅದರಲ್ಲಿ ಸೆನ್ಸರ್ ಊರಿ. ಉಳ್ಳಾಗಡ್ಡಿಗೆ 10-15 ಸೆಂಟಿಮೀಟರ್ ಆಳ, ಮೆಣಸಿನಕಾಯಿಗೆ 20. ಒಂದೇ ಸೆನ್ಸರನ್ನು ನಂಬಬೇಡಿ, ಎರಡು ಕಡೆ ಹಾಕಿ.

ಎರಡು ಕಾಲಿನ ರೆಸಿಸ್ಟಿವ್ ಸೆನ್ಸರ್ ಅಗ್ಗ, ಆದರೆ ಕೆಲವೇ ವಾರಗಳಲ್ಲಿ ತುಕ್ಕು ತಿನ್ನುತ್ತದೆ. ಕೆಪಾಸಿಟಿವ್ ಮಾದರಿ ಕೊಳ್ಳಿ, ಅದರ ಬೋರ್ಡಿನ ಕತ್ತರಿಸಿದ ಅಂಚಿಗೆ ಎಪಾಕ್ಸಿ ಅಥವಾ ಉಗುರಿನ ಬಣ್ಣವನ್ನಾದರೂ ಹಚ್ಚಿ. ನೀರು ಹೀರುವುದು ಅಲ್ಲಿಂದಲೇ. ಅಂಗಡಿಯ ಅಂಕಿ ಬಿಟ್ಟು ನಿಮ್ಮ ಮಣ್ಣಿಗೆ ತಾಳೆ ಮಾಡಿ: ಬಿಸಿಲಲ್ಲಿ ಒಣಗಿಸಿದ ಮಣ್ಣಿನಲ್ಲಿ ಒಂದು ರೀಡಿಂಗ್, ನೀರು ಹಾಯಿಸಿ ಒಂದು ದಿನ ಬಿಟ್ಟು ಇನ್ನೊಂದು. ಸೆನ್ಸರ್ ಇಲ್ಲದವರು ಹವಾಮಾನ ಇಲಾಖೆಯ ಮೇಘದೂತ ಆ್ಯಪಿನ ಮುನ್ಸೂಚನೆ ಅಥವಾ ವರುಣಮಿತ್ರ ಸಹಾಯವಾಣಿ ಕೇಳಿ, ನಾಳೆ ಮಳೆ ಇದ್ದರೆ ಇವತ್ತಿನ ಪಾಳಿ ಬಿಟ್ಟರೂ 33 ಯೂನಿಟ್ ಉಳಿಯಿತು.

ಸರ್ವರ್ ಕೋಣೆಗೆ ಏಸಿ 18ಕ್ಕೇ ಇಡಬೇಕೇ?

ಬೇಡ. ಸರ್ವರಿಗೆ ಒಳಹೋಗುವ ಗಾಳಿ 27 ಡಿಗ್ರಿವರೆಗೆ ಇರಬಹುದು ಎಂದು ಏಸಿ-ತಂಪಿನ ಮಾನದಂಡ ರೂಪಿಸುವ ಆಶ್ರೇ ಸಂಸ್ಥೆಯ ಶಿಫಾರಸೇ ಇದೆ. 25ಕ್ಕೆ ಇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಎಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ಸರ್ವರಿನ ಬಿಸಿಗಾಳಿ ತಿರುಗಿ ಅದರ ಮೂತಿಗೇ ಬರದಂತೆ ನೋಡಿಕೊಂಡರೆ ಸಾಕು.

ಮಾಳಿಗೆ ಮೇಲಿನ ಸೋಲಾರ್ ಸರಿಯಾಗಿ ಓಡುತ್ತಿದೆಯೇ ಎಂದು ಆ್ಯಪಿನಲ್ಲಿ ತಿಳಿಯುವುದು ಹೇಗೆ?

ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯಿರಿ. ಪಿಎಂ ಸೂರ್ಯಘರ್‌ನಲ್ಲಿ 78,000 ರೂಪಾಯಿ ಸಬ್ಸಿಡಿ ಸಿಗುವ 3 ಕಿಲೋವ್ಯಾಟಿನದು ದಿನಕ್ಕೆ 12 ಕೊಡಬೇಕು. ಜುಲೈನ ಮೋಡದಲ್ಲಿ ಅರ್ಧಕ್ಕೆ ಇಳಿದರೆ ಗಾಬರಿ ಬೇಡ.

ಗ್ರಾಫಿನ ಆಕಾರ ನೋಡಿ. ಬಿಸಿಲು ಚೆನ್ನಾಗಿದ್ದ ದಿನ ಅದು ಗುಡ್ಡದಂತೆ ನುಣುಪಾಗಿ ಏರಿ ಇಳಿಯಬೇಕು. ದಿನಾ ಒಂದೇ ಹೊತ್ತಿಗೆ ಕಚ್ಚು ಬಿದ್ದರೆ ತೆಂಗಿನ ಗರಿಯದೋ ಟ್ಯಾಂಕಿನದೋ ನೆರಳು. ಇಡೀ ಗುಡ್ಡವೇ ತಿಂಗಳಿಂದ ತಿಂಗಳಿಗೆ ಕುಗ್ಗಿದರೆ ಧೂಳು; ಬೆಳಿಗ್ಗೆ ಫಲಕ ತಣ್ಣಗಿರುವಾಗ ನೀರು ಹಾಕಿ ತೊಳೆಯಿರಿ, ಮಧ್ಯಾಹ್ನ ಕಾದ ಗಾಜಿಗೆ ಬೇಡ. ನಡು ಮಧ್ಯಾಹ್ನ ಒಮ್ಮೆಲೇ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿದ್ದರೆ ಲೈನ್ ವೋಲ್ಟೇಜ್ ಹೆಚ್ಚಾಗಿ ಇನ್ವರ್ಟರ್ ಕೈ ಬಿಡುತ್ತಿದೆ. ಇನ್ವರ್ಟರಿನಿಂದ ಮೀಟರಿಗೆ ಸಣ್ಣ ತಂತಿ ಉದ್ದಕ್ಕೆ ಎಳೆದಿದ್ದರೂ ಹೀಗಾಗುತ್ತದೆ. ದಪ್ಪ ಕೇಬಲ್ ಹಾಕಿಸಿ. ಆಮೇಲೂ ನಿಲ್ಲದಿದ್ದರೆ ಆ್ಯಪಿನ ಸ್ಕ್ರೀನ್‌ಶಾಟ್ ಹಿಡಿದು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ.

ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುವುದು ಕೆಟ್ಟದ್ದಕ್ಕಲ್ಲ. ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ, ಅವರ ಜೀವಕ್ಕಾಗಿ ಇನ್ವರ್ಟರ್ ಹಾಗೆ ಮಾಡುತ್ತದೆ.

ಸಾಕೆಟ್ಟಿಗೆ ಚುಚ್ಚಿದರೆ ಬಿಲ್ ಅರ್ಧಕ್ಕೆ ಇಳಿಸುವ ‘ಪವರ್ ಸೇವರ್’?

ಒಳಗೆ ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಮನೆಯ ಮೀಟರ್ ಎಣಿಸುವುದು ನಿಜವಾದ ಯೂನಿಟ್. ಕೆಪಾಸಿಟರ್ ಅದನ್ನು ಬದಲಿಸದು. ನಂಬಿಕೆ ಇಲ್ಲದಿದ್ದರೆ ಮೇಲೆ ಹೇಳಿದ ಮಿಟುಕು ಎಣಿಸಿ. (ಪಂಪ್‌ಸೆಟ್ಟಿನ ಕೆಪಾಸಿಟರ್ ಬೇರೆ ಮಾತು: 5 ಎಚ್‌ಪಿಗೆ 2 ಕೆವಿಎಆರ್ ಹಾಕಿದರೆ ಲೈನಿನ ನಷ್ಟ ಇಳಿದು ವೋಲ್ಟೇಜ್ ಸುಧಾರಿಸುತ್ತದೆ.)

ಉತಾರ (ಪಹಣಿ) ತೆಗಿಸಾಕ ತಾಲೂಕಿಗೆ ಹೋಗೂದು ತಪ್ಪಿಸಿದರ ಎಷ್ಟು ಉಳೀತದ?

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುವ 40 ಕಿಲೋಮೀಟರ್ ಎಂದರೆ ಬೈಕಿನಲ್ಲಿ 2 ಕೆಜಿ, ಒಬ್ಬರೇ ಕಾರಿನಲ್ಲಿ ಹೋದರೆ 6. ಕಾರಿನ ಒಂದು ಸುತ್ತು ಎಂದರೆ ಎಂಟೂವರೆ ಯೂನಿಟ್ ಕರೆಂಟ್. ಲ್ಯಾಪ್‌ಟಾಪಿನ ಒಂದು ತಿಂಗಳ ಕೆಲಸ. ಭೂಮಿ ತಂತ್ರಾಂಶದಲ್ಲಿ ಉತಾರ, ಸೇವಾಸಿಂಧುವಿನಲ್ಲಿ ಅರ್ಜಿ ಇವು ಇಂಗಾಲ ಉಳಿಸುವ ಯೋಜನೆ ಎಂದು ಯಾರೂ ಕರೆದಿಲ್ಲ, ಆದರೆ ಡಾರ್ಕ್ ಮೋಡ್‌ಗಿಂತ ನೂರು ಪಾಲು ಮೇಲು. ಹೋಗಲೇಬೇಕಾದರೆ ಚಿಗರಿ ಬಸ್ಸು ಹತ್ತಿ.

ಹಳೆಯ ಕಂಪ್ಯೂಟರ್ ತೆಗೆದು ಕಡಿಮೆ ಕರೆಂಟಿನ ಹೊಸದು ಕೊಂಡರೆ ಒಳ್ಳೆಯದಲ್ಲವೇ?

ಹೆಚ್ಚಾಗಿ ಅಲ್ಲ. ಒಂದು ಲ್ಯಾಪ್‌ಟಾಪ್ ತಯಾರಾಗುವಾಗಲೇ 200 ಕೆಜಿಯ ಆಚೀಚೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಅದನ್ನು ದಿನಕ್ಕೆ ಎಂಟು ತಾಸಿನಂತೆ ವರ್ಷಕ್ಕೆ 250 ದಿನ ಬಳಸಿದರೆ 60 ಯೂನಿಟ್, 42 ಕೆಜಿ. ಅಂದರೆ ಐದು ವರ್ಷ ಓಡಿಸಿದರೆ ಮಾತ್ರ ಬಳಕೆಯ ಲೆಕ್ಕ ತಯಾರಿಕೆಗೆ ಸಮ. ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿಗೆ ಏರಿಸಿ, ಫ್ಯಾನಿನ ಧೂಳು ತೆಗೆದು ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಿಡಿಯದ ಯಂತ್ರಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ ಬ್ರೌಸರ್, ಬರವಣಿಗೆ, ನುಡಿ-ಯೂನಿಕೋಡ್ ಟೈಪಿಂಗ್‌ಗೆ ಇನ್ನೂ ನಾಲ್ಕು ವರ್ಷ ಬರುತ್ತದೆ.

ದಿನವಿಡೀ ಓಡುವ ಹಳೆಯ ಸರ್ವರ್ ಮಾತ್ರ ಇದಕ್ಕೆ ಹೊರತು. 200 ವ್ಯಾಟಿನದು ವರ್ಷಕ್ಕೆ 1,752 ಯೂನಿಟ್ ತಿನ್ನುತ್ತದೆ. 20 ವ್ಯಾಟಿನ ಮಿನಿ ಪಿಸಿ ಅದೇ ಕೆಲಸ ಮಾಡುವುದಾದರೆ ತಡ ಮಾಡದೆ ಬದಲಿಸಿ.

ಗುಜರಿಗೆ ಕೊಡುವ ಮುನ್ನ ಡಿಸ್ಕ್ ಅಳಿಸಿ, ಬ್ಯಾಟರಿ ಬೇರ್ಪಡಿಸಿ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆ (ರೀಸೈಕ್ಲಿಂಗ್) ಘಟಕಕ್ಕೇ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮವೂ ಅದನ್ನೇ ಹೇಳುತ್ತದೆ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಮನೆಯ ಹೊರಗೆ, ನೆರಳಿನಲ್ಲಿ ಇಡಿ.